ಎಂಟರಲ್ಲಿ ಮೂರು

ಅಂಜಿನಪ್ಪ ಕೊಳಗಲ್ಲಿನವನು. ಅಪ್ಪನಿಗಿದ್ದ ಎರಡೆಕರೆ ಎರೆಹೊಲ ಇಬ್ಬರು ಅಣ್ಣಂದಿರಿಗೇ ಸಾಲುತ್ತಿರಲಿಲ್ಲ. ಯುದ್ಧ ಶುರುವಾಗಿ ಬಳ್ಳಾರಿಯಲ್ಲಿ ಮಿಲಿಟರಿಯವರು ಬೀಡು ಬಿಟ್ಟಾಗ ಲಾರಿ ತೊಳೆಯುವ ಕೂಲಿಯಾಗಿ ಅಲ್ಲಿಗೆ ಸೇರಿದ. ಆರು ತಿಂಗಳಲ್ಲಿ ಕೈಗೆ ಬೋಲ್ಟು ತಿರುವುವ ಪಾನ ಬಂತು. ಎರಡು ವರ್ಷ ಕಳೆಯುವುದರೊಳಗೆ ಇಂಜಿನ್ ಪೂರಾ ಬಿಚ್ಚಿ ಮತ್ತೆ ಕಟ್ಟುವಷ್ಟು ಪಳಗಿಬಿಟ್ಟ. ವೇಲೂರು ಕಡೆಯ ಮುದುಕ ಹವಾಲ್ದಾರನೊಬ್ಬ ಅವನ ಉಸ್ತಾದ. ತೆಲುಗಿನಲ್ಲಿ ಬಯ್ಯುತ್ತಲೇ ಕಲಿಸಿದ ಆ ಮನುಷ್ಯ ಒಂದು ಮಾತನ್ನು ಮಾತ್ರ ಪ್ರತಿಸಲವೂ ಹೇಳುತ್ತಿದ್ದ: ಪಿಸ್ಟನ್ನು ತೂತಿನೊಳಗೆ ಹೊಕ್ಕಿದೆ ಎಂದ ಮಾತ್ರಕ್ಕೆ ಅದು ಆ ಇಂಜಿನ್ನಿನದು ಎಂದು ತಿಳಿಯಬೇಡ. ಮೇಲಿನ ಗುರುತು ಓದು, ತೂಕ ಹಾಕಿ ನೋಡು. ಎಲ್ಲವೂ ಒಂದೇ ಜಾತಿಯವು, ಒಂದೇ ತೂಕದವು ಆಗಿರಬೇಕು.

ತೂಕ ಹಾಕುವುದು ಅಂಜಿನಪ್ಪನಿಗೆ ಬರುತ್ತಿತ್ತು. ಓದುವುದು ಬರುತ್ತಿರಲಿಲ್ಲ. ಲಾರಿ ನಂಬರುಗಳನ್ನು ನೋಡಿ ನೋಡಿ ಇಂಗ್ಲಿಷ್ ಅಂಕಿಗಳೇನೋ ತಲೆಗೆ ಹತ್ತಿದ್ದವು. ಅಕ್ಷರ ಮಾತ್ರ ಕನ್ನಡದ್ದೂ ಇಲ್ಲ, ತೆಲುಗಿನದೂ ಇಲ್ಲ, ಇಂಗ್ಲಿಷಿನದಂತೂ ಇಲ್ಲವೇ ಇಲ್ಲ. ಯುದ್ಧ ಮುಗಿದ ಮೇಲೆ ಬಳ್ಳಾರಿಯ ಕೌಲ್ ಬಜಾರಿನ ಅಂಚಿನಲ್ಲಿ ಸ್ವಂತ ಶೆಡ್ಡು ಹಾಕಿದಾಗ ಮಿಲಿಟರಿಯಿಂದ ತಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಕೆಲಸದ ಮೇಜಿನ ಮೇಲೆ ಸದಾ ತೆರೆದಿಟ್ಟಿರುತ್ತಿದ್ದ. ಗಿರಾಕಿ ಬಂದಾಗ ಎರಡು ಹಾಳೆ ಮಗುಚಿ, ಹುಬ್ಬು ಗಂಟಿಕ್ಕಿ, ‘ಹೂಂ’ ಎನ್ನುತ್ತಿದ್ದ. ಅಂಜಿನಪ್ಪ ಪುಸ್ತಕ ನೋಡಿ ಕೆಲಸ ಮಾಡುವ ಮಿಸ್ತ್ರಿ ಎಂದು ಹೆಸರಾಯಿತು. ಸತ್ಯನಾರಾಯಣಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಹೆಂಡತಿ ಜಡೆಮ್ಮನನ್ನು ಕರೆತಂದ. ಪುಸ್ತಕದ ಗುಟ್ಟು ಅವಳಿಗೂ ತಿಳಿದಿರಲಿಲ್ಲ.

ಕುರುಗೋಡಿನ ಎರ್ರೆಪ್ಪಗೌಡರಿಗೆ ಹತ್ತಿ ಜಿನ್ನಿನ ಕಾರಖಾನೆಯಿತ್ತು. ಅದಕ್ಕಿಂತ ಹೆಚ್ಚಿನ ಜಂಬ ಅವರಿಗಿದ್ದದ್ದು ಕಾರಿನ ಮೇಲೆ. ದೇಶ ಬಿಟ್ಟು ಹೊರಟ ಬಿಳಿ ಅಧಿಕಾರಿಯೊಬ್ಬನಿಂದ ಕೊಂಡ ಎಂಟು ಸಿಲಿಂಡರಿನ ಕಾರು ಅದು. ಬಳ್ಳಾರಿಯಿಂದ ಕುರುಗೋಡಿಗೆ ಇಪ್ಪತ್ತೈದು ನಿಮಿಷದಲ್ಲಿ ಮುಟ್ಟಿದ್ದನ್ನು ಗಡಿಯಾರ ತೋರಿಸಿ ಹೇಳುತ್ತಿದ್ದರು. ಆ ಕಾರು ಓಡಿಸುತ್ತಿದ್ದವನು ಕರೂರಿನ ಕೆಂಚಣ್ಣ. ಇಪ್ಪತ್ತೆಂಟು ವರ್ಷದ, ಸಣಕಲ ಮೈಯ, ಮೆಲುಮಾತಿನ ಮನುಷ್ಯ. ಸಿರುಗುಪ್ಪದ ಶಾಲೆಯಲ್ಲಿ ಎಂಟನೆಯ ಇಯತ್ತೆಯವರೆಗೆ ಓದಿದ್ದ. ಬೆಳಿಗ್ಗೆ ಕಾರಿಗೆ ಕೈಮುಗಿಯುವ ಮೊದಲು ಎಣ್ಣೆಕಡ್ಡಿ ಎಳೆದು ನೋಡುವುದು ಅವನ ರೂಢಿ.

ನಲವತ್ತೆಂಟರ ಹತ್ತಿ ಸುಗ್ಗಿ ಮುಗಿಯುವ ಹೊತ್ತಿಗೆ ಕಾರು ನೀಲಿ ಹೊಗೆ ಉಗುಳತೊಡಗಿತು. ಏರು ಬಂದರೆ ಏದುಸಿರು. ಗೌಡರ ಮಗಳು ಗಂಗಕ್ಕನಿಗೆ ಸಿರುಗುಪ್ಪದಲ್ಲಿ ಗಂಡು ಗೊತ್ತಾಗಿ, ನಿಶ್ಚಯದ ದಿನ ಬೀಗರ ಮನೆಗೆ ಹೋಗುವುದಿತ್ತು.

“ಹನ್ನೆರಡು ದಿನ ಕೊಡತೀನಿ ಮಿಸ್ತ್ರಿ,” ಎಂದರು ಗೌಡರು. “ಇಂಜಿನ್ ಹೊಸಾದು ಆಗಬೇಕು. ಮೊದಲಿನಕಿಂತ ಜೋರು ಓಡಬೇಕು. ಬೀಗರ ಮುಂದ ಮಾನ ಹೋಗಬಾರದು.”

“ನೀವು ಚಿಂತಿ ಮಾಡಬ್ಯಾಡ್ರಿ ಗೌಡ್ರ. ನನ್ನ ಮ್ಯಾಲೆ ಬಿಡ್ರಿ,” ಎಂದ ಅಂಜಿನಪ್ಪ.

ಇಂಜಿನ್ ಬಿಚ್ಚಿ ನೋಡಿದರೆ ಎಂಟೂ ಪಿಸ್ಟನ್ನು ಸವೆದಿದ್ದವು. ಸಿಲಿಂಡರುಗಳನ್ನು ಒಂದು ನೂಲಿನಷ್ಟು ಕೊರೆದು ನುಣುಪು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನು ಹಾಕಬೇಕಿತ್ತು. ಹೊಸ ಮಾಲಿಗೆ ಮದರಾಸಿಗೆ ಬರೆಯಬೇಕು, ಬರುವುದಕ್ಕೆ ತಿಂಗಳಾಗುತ್ತದೆ. ಬಳ್ಳಾರಿಯಲ್ಲಿಯೇ ಮಿಲಿಟರಿ ಹರಾಜಿನ ಸಾಮಾನು ಮಾರುವವನೊಬ್ಬನಿದ್ದ. ಅವನ ಕೊಠಡಿಯಲ್ಲಿ ಒಂದಿಡೀ ಬೆಳಗು ಕೂತು ಹುಡುಕಿದಾಗ ಸರಿಯಾದ ಅಳತೆಯ ಐದು ಪಿಸ್ಟನ್ನು ಸಿಕ್ಕವು. ಇನ್ನೊಂದು ಪೆಟ್ಟಿಗೆಯ ತಳದಲ್ಲಿ ಮೂರು. ಅಂಜಿನಪ್ಪ ಅಳತೆಕೊಕ್ಕು ಹಿಡಿದು ಅಗಲ ನೋಡಿದ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆ ಮೂರು ಮಾತ್ರ ಕೈಗೆ ಒಂದಿಷ್ಟು ಭಾರ ಎನ್ನಿಸಿದವು. ಅದು ಅವನಿಗೆ ತಿಳಿಯಲಿಲ್ಲವೆಂದಲ್ಲ. ತಕ್ಕಡಿ ಇದ್ದ ಕಿರಾಣಿ ಅಂಗಡಿ ಶೆಡ್ಡಿನಿಂದ ಹತ್ತು ಹೆಜ್ಜೆ. ತೂಗಿ ನೋಡಿ ಬೇರೆ ಬಂದರೆ ಏನು ಮಾಡುವುದು? ಹನ್ನೆರಡರಲ್ಲಿ ಆರು ದಿನ ಆಗಲೇ ಕಳೆದಿದ್ದವು. ಮಿಸ್ತ್ರಿ ತೂಗಲಿಲ್ಲ.

ಇಂಜಿನ್ ಕಟ್ಟುವ ದಿನ ಶೆಡ್ಡಿನಲ್ಲಿ ಜಾತ್ರೆಯಂತೆ ಜನ. ಲಾರಿ ಡ್ರೈವರುಗಳು, ಪಕ್ಕದ ಅಂಗಡಿಯವರು, ಗೌಡರ ಗುಮಾಸ್ತ. ಎಂಟು ಸಿಲಿಂಡರಿನ ಹೊಟ್ಟೆ ನೋಡುವುದೆಂದರೆ ಆಗ ಸಣ್ಣ ಮಾತಲ್ಲ. ಕೆಂಚಣ್ಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಪಿಸ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೊಡುತ್ತಿದ್ದ. ಆರನೆಯದನ್ನು ಕೊಡುವಾಗ ತಡೆದ. ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದ.

“ಅಣ್ಣಾ, ಈ ಮೂರರ ಮ್ಯಾಲೆ ಅಕ್ಷರ ಬ್ಯಾರೆ ಐತಿ ನೋಡು. ಆ ಐದಕ್ಕ ನಂಬರಿನ ಕಡೀಕ ‘ಎ’ ಐತಿ, ಇವಕ್ಕ ‘ಟಿ’. ಇವು ಲಾರೀವು ಏನು ಮತ್ತ?”

ಅಂಜಿನಪ್ಪನ ಕಿವಿ ಕಾದವು. ನೋಡುತ್ತೇನೆ ಕೊಡು ಎಂದು ಇಸಿದುಕೊಂಡರೆ ನೋಡಬೇಕಾಗುತ್ತದೆ. ನೋಡಿದರೆ ಏನಾದರೂ ಹೇಳಬೇಕಾಗುತ್ತದೆ. ಎಲ್ಲರ ಕಣ್ಣೂ ತನ್ನ ಮೇಲಿವೆ. ಮೇಜಿನ ಮೇಲಿನ ಪುಸ್ತಕ ಬಾಯಿ ತೆರೆದುಕೊಂಡು ಬಿದ್ದಿದೆ.

“ಲೇ ಕೆಂಚ,” ಎಂದ ಗಟ್ಟಿ ದನಿಯಲ್ಲಿ, “ಎಂಟನೆತ್ತ ಓದೀನಂತ ನನಗ ಇಂಜಿನ್ ಕಲಸಾಕ ಬಂದಿಯೇನು? ನೀನು ಸ್ಟೇರಿಂಗ್ ತಿರುವಾಂವ, ಅಷ್ಟ ಮಾಡು. ಕೊಡು ಇಲ್ಲಿ!”

ಜನ ಗೊಳ್ಳೆಂದು ನಕ್ಕರು. ಕೆಂಚಣ್ಣ ಮುಖ ತಗ್ಗಿಸಿ ಕೊಟ್ಟ. ಆಮೇಲಿನ ಎರಡನ್ನೂ ಮಾತಿಲ್ಲದೆ ತೊಳೆದುಕೊಟ್ಟ.

ಕಾರು ಹನ್ನೊಂದನೆಯ ದಿನಕ್ಕೇ ಸಿದ್ಧವಾಯಿತು. ಒಂದೇ ಸಲಕ್ಕೆ ಹೊತ್ತಿಕೊಂಡ ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಹೊಗೆಯ ಸುಳಿವಿಲ್ಲ. ಗೌಡರು ಅಂಜಿನಪ್ಪನಿಗೆ ಶಾಲು ಹೊದೆಸಿದರು. ಮೂರು ದಿನ ಬಿಟ್ಟು ಕೆಂಚಣ್ಣ ಒಬ್ಬನೇ ಶೆಡ್ಡಿಗೆ ಬಂದ.

“ತಾಸಿಗೆ ನಲವತ್ತು ಮೈಲಿ ದಾಟಿದ್ರ ಗಾಡಿ ನಡುಗತೈತಿ ಅಣ್ಣಾ. ಸ್ಟೇರಿಂಗ್ ಹಿಡಿದ ಕೈ ಜುಂ ಅಂತಾವು.”

“ಹೊಸಾ ಇಂಜಿನ್. ಐನೂರು ಮೈಲಿ ಓಡಲಿ, ತಾನ ಪಳಗತೈತಿ,” ಎಂದು ಅಂಜಿನಪ್ಪ ತಲೆಯೆತ್ತದೆ ಹೇಳಿದ.

ನಿಶ್ಚಯದ ದಿನ ಗೌಡರು, ಅವರ ಹೆಂಡತಿ ವಿರೂಪಮ್ಮ, ಇಬ್ಬರು ಹಿರಿಯರು ಕೂತ ಕಾರು ಕುರುಗೋಡು ಬಿಟ್ಟಿತು. ಮುಹೂರ್ತಕ್ಕೆ ತಡವಾಯಿತೆಂದು ಗೌಡರು ಹಿಂದಿನಿಂದ “ಹೊಡಿಯಲೇ ಜೋರು” ಎನ್ನುತ್ತಲೇ ಇದ್ದರು. ಸಿರುಗುಪ್ಪ ಇನ್ನೂ ಎಂಟು ಮೈಲಿಯಿರುವಾಗ ಕಾರಿನ ಮೂಗಿನಲ್ಲಿ ಬಂಡೆ ಸಿಡಿದಂಥ ಸದ್ದಾಯಿತು. ಕೆಂಚಣ್ಣ ಹೇಗೋ ಕಾರನ್ನು ರಸ್ತೆಯ ಮೇಲೆಯೇ ನಿಲ್ಲಿಸಿದ. ಯಾರಿಗೂ ಗಾಯವಾಗಲಿಲ್ಲ. ಗೌಡರು ಮಾತ್ರ ಜರಿ ರುಮಾಲು, ರೇಷ್ಮೆ ಅಂಗಿಯೊಂದಿಗೆ ಭತ್ತದ ಹುಲ್ಲು ಹೇರಿದ ಎತ್ತಿನ ಗಾಡಿಯಲ್ಲಿ ಬೀಗರ ಮನೆಯ ಮುಂದೆ ಇಳಿಯಬೇಕಾಯಿತು.

ಸುದ್ದಿ ಹೋಗಿ ಅಂಜಿನಪ್ಪ ಮರುದಿನ ಮಧ್ಯಾಹ್ನ ಅಲ್ಲಿಗೆ ಮುಟ್ಟಿದ. ಕಾರಿನ ತನಕ ನಡೆದು ಬರುವಾಗ ರಸ್ತೆಯ ನಡುವೆ ಕಪ್ಪು ಗೆರೆಯೊಂದು ಕಂಡಿತು. ಬಗ್ಗಿ ಬೆರಳಿಟ್ಟು ನೋಡಿದ. ಎಣ್ಣೆ. ಕಾರು ನಿಂತ ಕಡೆ ಅದೇ ಎಣ್ಣೆ ಮಣ್ಣಿನೊಳಗೆ ಇಂಗಿ ಕೊಪ್ಪರಿಗೆಯಗಲದ ಕಲೆಯಾಗಿತ್ತು. ಮುಚ್ಚಳ ಎತ್ತಿದರೆ ಇಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ಹೋಗುವಷ್ಟು ತೂತು. ಅದರಿಂದ ಮುರಿದ ಪಿಸ್ಟನ್ ರಾಡೊಂದು ಮೂಳೆಯ ಹಾಗೆ ಹೊರಚಾಚಿತ್ತು. ಆರನೆಯ ಸಿಲಿಂಡರು. ಭಾರದ ಪಿಸ್ಟನ್ನುಗಳು ಮೂರು, ಹಗುರದವು ಐದು, ಒಂದಕ್ಕೊಂದು ಸಮತೂಗದೆ ಜಗ್ಗಾಡಿ ಜಗ್ಗಾಡಿ ಬೇರಿಂಗು ಕರಗಿ, ಬೋಲ್ಟು ಕಡಿದು, ರಾಡು ಪಕ್ಕೆ ಒಡೆದು ಬಂದಿತ್ತು. ಕಣ್ಣು ಮುಚ್ಚಿಕೊಂಡು ಹೇಳಬಹುದಾದಷ್ಟು ಸ್ಪಷ್ಟ.

ಗೌಡರು ಐದಾರು ಜನರೊಂದಿಗೆ ಬಂದು ನಿಂತಿದ್ದರು. ಕಣ್ಣು ಕೆಂಡವಾಗಿತ್ತು. ತಾವೇ ಕೈ ಹಾಕಿ ಎಣ್ಣೆಕಡ್ಡಿ ಎಳೆದರು. ತೂತಿನಿಂದ ಎಣ್ಣೆಯೆಲ್ಲ ಸೋರಿಹೋದ ಇಂಜಿನ್ನಿನಲ್ಲಿ ಕಡ್ಡಿ ಒಣಗಿಯೇ ಬಂತು.

“ಕಡ್ಡಿ ಒಣಗೈತಲ್ಲಲೇ! ಎಣ್ಣಿ ಇಲ್ಲದ ಗಾಡಿ ಹೊಡದಿಯೇನು?”

“ಎಣ್ಣಿ ಇತ್ತು ಗೌಡ್ರ,” ಎಂದ ಕೆಂಚಣ್ಣ. “ಮುಂಜಾನಿ ನೋಡೇ ಹೊಂಟೀನಿ. ಅರ್ಧ ಸೇರು ಹಾಕೀನಿ ಸೈತ.”

ಗೌಡರು ಅಂಜಿನಪ್ಪನ ಕಡೆ ತಿರುಗಿದರು. “ನೀ ಹೇಳು ಮಿಸ್ತ್ರಿ. ಎಣ್ಣಿ ಇದ್ದಿದ್ರ ಹಿಂಗ ಆಗತಿತ್ತೇನು?”

ಅಂಜಿನಪ್ಪ ಕಾರಿನ ಒಳಗೆ ನೋಡಿದ. ರಸ್ತೆಯ ಕಪ್ಪು ಗೆರೆಯ ಕಡೆಗೆ ನೋಡಲಿಲ್ಲ. ಕೆಂಚಣ್ಣನ ಮುಖವನ್ನೂ ನೋಡಲಿಲ್ಲ. ಆಗತಿರಲಿಲ್ಲ ಎಂಬಂತೆ ತಲೆಯನ್ನು ಒಂದು ಸಲ, ಒಂದೇ ಸಲ ಅಲ್ಲಾಡಿಸಿದ.

ಗೌಡರ ಕೈ ಕೆಂಚಣ್ಣನ ಕೆನ್ನೆಗೆ ಬಿತ್ತು. ಟೋಪಿ ಮಣ್ಣಿನಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳದೆ, ಕಾರಿನ ಕೀಲಿ ಮುಂದಿನ ಸೀಟಿನ ಮೇಲಿಟ್ಟು, ಕೆಂಚಣ್ಣ ಕರೂರಿನ ದಿಕ್ಕಿಗೆ ನಡೆದ. ಅಕ್ಷರದ ಮಾತು ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ಅಂಜಿನಪ್ಪ ಉಸಿರು ಹಿಡಿದು ನಿಂತಿದ್ದ. ಕೆಂಚಣ್ಣ ಎತ್ತಲಿಲ್ಲ.

ಎಣ್ಣೆ ಹಾಕಲು ಮರೆತು ಗೌಡರ ಕಾರಿನ ಇಂಜಿನ್ ಸುಟ್ಟವನು ಎಂಬ ಮಾತು ಕೆಂಚಣ್ಣನಿಗಿಂತ ಮೊದಲೇ ಊರು ಮುಟ್ಟಿತು. ಸಿರುಗುಪ್ಪದಲ್ಲಾಗಲಿ ಬಳ್ಳಾರಿಯಲ್ಲಾಗಲಿ ಅವನ ಕೈಗೆ ಗಾಡಿ ಕೊಡುವವರು ಸಿಗಲಿಲ್ಲ.

ಅಂಜಿನಪ್ಪ ಇನ್ನೊಂದು ಇಂಜಿನ್ ತಂದು ಅದೇ ಕಾರನ್ನು ಮತ್ತೆ ಕಟ್ಟಿದ. ಈ ಸಲ ಮದರಾಸಿನಿಂದ ಎಂಟೂ ಹೊಸ ಪಿಸ್ಟನ್ನು ಬರುವತನಕ ಎರಡು ತಿಂಗಳು ಕಾದ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿದ. ತುಸು ಭಾರವಿದ್ದದ್ದನ್ನು ಒಳಗಿನಿಂದ ಅರದಿಂದ ಉಜ್ಜಿ ಸಮ ಮಾಡಿದ. ರಾಡುಗಳನ್ನೂ ತೂಗಿದ. ಕಾರು ಐವತ್ತು ಮೈಲಿ ವೇಗದಲ್ಲಿ ನಡುಗಲಿಲ್ಲ. ಅವನ ಹೆಸರು ಆದವಾನಿಯವರೆಗೆ ಹೋಯಿತು. ಯಾರಾದರೂ, “ಗೌಡರ ಕಾರು ಕಟ್ಟಿದಂವ ನೀವ ಏನ್ರಿ?” ಎಂದು ಕೇಳಿದರೆ ಪಾನ ಹಿಡಿದು ಗಾಡಿಯ ಅಡಿಗೆ ಸರಿದುಬಿಡುತ್ತಿದ್ದ.

ಒಂದು ಭಾನುವಾರ ಪೇಟೆಯ ಶಾಲೆಯ ಮೇಷ್ಟ್ರ ಮನೆಗೆ ಹೋಗಿ, ಇಂಗ್ಲಿಷ್ ಅಕ್ಷರ ಕಲಿಸಿರಿ ಎಂದು ಕೇಳಿದ. ಮೂವತ್ತೈದು ದಾಟಿದ ಗಂಡಸು ಹಲಗೆ ಹಿಡಿದು ಕೂತದ್ದನ್ನು ಮೇಷ್ಟ್ರ ಮಕ್ಕಳು ಬಾಗಿಲ ಸಂದಿಯಿಂದ ನೋಡಿ ಕಿಸಕ್ಕೆಂದರು. ಅಂಜಿನಪ್ಪ ಬಿಡಲಿಲ್ಲ. ಇಪ್ಪತ್ತಾರೂ ಬಂದ ದಿನ ಶೆಡ್ಡಿನ ಹಿಂದೆ ಗುಜರಿಯಲ್ಲಿ ಬಿದ್ದಿದ್ದ, ಗೌಡರ ಕಾರಿನಿಂದ ತೆಗೆದ ಭಾರದ ಪಿಸ್ಟನ್ನೊಂದನ್ನು ತಿಕ್ಕಿ ತೊಳೆದು ಓದಿದ. ‘ಟಿ’ ಎಂದೇ ಇತ್ತು. ಕೆಂಚಣ್ಣ ಒಂದು ಗಳಿಗೆಯಲ್ಲಿ ಓದಿ ಹೇಳಿದ್ದನ್ನು ಓದುವುದಕ್ಕೆ ತನಗೆ ಒಂದು ವರ್ಷ ಹಿಡಿದಿತ್ತು. ಅಂದು ಅವನಿಗೆ ಊಟ ಸೇರಲಿಲ್ಲ. ಏನಾಯಿತೆಂದು ಜಡೆಮ್ಮ ಕೇಳಿದಾಗ ಹೊಟ್ಟೆ ನೋವು ಎಂದ.

ಕರೂರಿನ ಕಡೆಯ ಕೆಲಸ ಬಂದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಐವತ್ತೆರಡರಲ್ಲಿ ಅದು ನಡೆಯಲಿಲ್ಲ. ಕರೂರಿನ ಅಕ್ಕಿ ಗಿರಣಿಯ ಎಣ್ಣೆ ಇಂಜಿನ್ ಸುಗ್ಗಿಯ ನಡುವೆ ನಿಂತುಹೋಗಿ, ಗಿರಣಿಯ ಯಜಮಾನರೇ ಬಳ್ಳಾರಿಗೆ ಬಂದು ಬಸ್ಸಿನಲ್ಲಿ ಕೂರಿಸಿಕೊಂಡು ಹೋದರು. ಮಧ್ಯಾಹ್ನ ಗಿರಣಿಯಲ್ಲಿ ಅಕ್ಕಿ ಕೇರುವ ಹೆಣ್ಣಾಳೊಬ್ಬಳು ಅವನಿಗೆ ರೊಟ್ಟಿ, ಪುಂಡಿಪಲ್ಯ ತಂದಳು. ಮುಖದ ಮೇಲೆ ತೌಡಿನ ಧೂಳು. ಅವನು ಉಣ್ಣುವಾಗ ತುಸು ದೂರದಲ್ಲಿ ಕಂಬಕ್ಕೊರಗಿ ಕೂತು ಕೇಳಿದಳು:

“ನೀವು ಬಳ್ಳಾರಿ ಮಿಸ್ತ್ರಿ ಅಂತಲ್ಲ ಅಣ್ಣಾ. ಕಾರಿಂದೂ ಗೊತ್ತೇನು ನಿಮಗ?”

“ಗೊತ್ತೈತಿ ತಂಗಿ.”

“ಹಂಗಾದ್ರ ಒಂದು ಹೇಳ್ರಿ. ಇಂಜಿನ್‌ದಾಗ ಎಣ್ಣಿ ಇದ್ರೂ ಅದು ಒಡಿಯತೈತೇನು? ನಮ್ಮನಿಯಾಂವ ಮೊದಲ ಕಾರು ಹೊಡಿತಿದ್ದ. ಎಣ್ಣಿ ಹಾಕಿದ್ದೆ ಅಂತ ಅಂತಾನ. ಅವರಪ್ಪನೂ ನಂಬಲಿಲ್ಲ. ನಾನೂ ಸಿಟ್ಟು ಬಂದಾಗ ಎಷ್ಟೋ ಸಲ ಅಂದೀನಿ, ಎಣ್ಣಿ ಹಾಕೋದು ನೆನಪಿಡಲಾರದಂವ ನೀನು ಅಂತ. ಅಂದರ ತಿರುಗಿ ಮಾತಾಡೂದಿಲ್ಲ. ಎದ್ದು ಹೊಲಕ್ಕ ಹೋಗತಾನ.”

ಮುರಿದ ರೊಟ್ಟಿಯನ್ನು ಅವನು ಕೆಳಗಿಟ್ಟ. ಕೆಂಚಣ್ಣನ ಕೆಲಸ ಹೋಯಿತೆಂಬುದನ್ನು ಅಂಜಿನಪ್ಪ ನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದ. ಅವನ ಮನೆಯೊಳಗೆ, ಅವನ ಒಲೆಯ ಮುಂದೆ, ತನ್ನ ಒಂದು ತಲೆಯಾಡಿಸುವಿಕೆ ದಿನಾ ಕೂತಿರುತ್ತದೆಂದು ಎಂದೂ ಎಣಿಸಿರಲಿಲ್ಲ.

“ನಿನ್ನ ಹೆಸರೇನವ್ವಾ?”

“ಸುಂಕಲಮ್ಮ.”

“ಎಣ್ಣಿ ಇತ್ತು ಸುಂಕಲಮ್ಮ. ನಿನ್ನ ಗಂಡ ಹಾಕಿದ್ದ.”

“ನಿಮಗ್ಹೆಂಗ ಗೊತ್ತು?”

“ಆ ಇಂಜಿನ್ ಕಟ್ಟಿದಂವ ನಾನ. ತಪ್ಪು ಸಾಮಾನು ಹಾಕಿದೆ. ಹಾಕಬ್ಯಾಡ ಅಂತ ನಿನ್ನ ಗಂಡ ಹೇಳಿದ್ದ. ಆಮ್ಯಾಲೆ ಗೌಡ್ರ ಮುಂದ ಸುಳ್ಳಿಗೆ ಗೋಣು ಹಾಕಿದೆ.”

ಸುಂಕಲಮ್ಮ ಅವನನ್ನೇ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡ. ಬಯ್ದರೆ ಸಾಕು ಎಂದುಕೊಂಡ. ಅವಳು ಎದ್ದು, ನೀರಿನ ತಂಬಿಗೆಯನ್ನು ಅವನ ಮುಂದಿನಿಂದ ಎತ್ತಿಕೊಂಡು, ಹೊರಗೆ ಹೋದಳು.

ಹೊತ್ತು ಇಳಿಯುವಾಗ ಗದ್ದೆಯಿಂದ ಕೆಂಚಣ್ಣ ಬಂದ. ಮೊಣಕಾಲತನಕ ಕೆಸರು. ಗಿರಣಿಯ ಬಾಗಿಲಲ್ಲೇ ನಿಂತ. ಅಂಜಿನಪ್ಪ ಎದ್ದು ಕೈಮುಗಿಯಲು ಹೋದ, ಕೈಗಳು ಅರ್ಧಕ್ಕೇ ನಿಂತವು.

“ಕೆಂಚಣ್ಣಾ, ನಾನು ಅವತ್ತು...”

“ನನಗ ಯಾಕ ಹೇಳತಿ? ನನಗ ಗೊತ್ತೈತಿ.”

“ಅವತ್ತ ನೀನಾದ್ರೂ ಯಾಕ ಬಾಯಿ ಬಿಡಲಿಲ್ಲೋ? ಅಕ್ಷರ ಬ್ಯಾರೆ ಇದ್ವು ಅಂತ ಒಂದು ಮಾತು ಅಂದಿದ್ರ...”

“ಅಂದಿದ್ರ ನೀ ಇನ್ನೊಂದು ಸುಳ್ಳು ಹೇಳತಿದ್ದಿ. ಅದನ್ನ ನಿಂತು ಕೇಳಾಕ ನನಗ ಮನಸ್ಸಾಗಲಿಲ್ಲ,” ಎಂದ ಕೆಂಚಣ್ಣ, ಅದೇ ಮೆಲುದನಿಯಲ್ಲಿ. “ಗೊತ್ತಿಲ್ಲದೋರು ಬಾಳ ಮಂದಿ ಅದಾರ. ಅವರಿಗೆ ಹೇಳು ಹೋಗು.”

ಅಂಜಿನಪ್ಪ ಮೊದಲು ಹೋದದ್ದು ಕುರುಗೋಡಿಗೆ. ಎರ್ರೆಪ್ಪಗೌಡರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪಿಸ್ಟನ್ನು ಸರಿಹೊಂದಿರಲಿಲ್ಲ, ತಪ್ಪು ನನ್ನದು, ಕೆಂಚಣ್ಣನದಲ್ಲ ಎಂದು ನಿಂತೇ ಹೇಳಿದ. ಓದು ಬರದ ಮಾತನ್ನು ಮಾತ್ರ ನುಂಗಿದ. ಗೌಡರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

“ಆ ಕಾರು ಮಾರಿ ಎರಡು ವರ್ಷಾತು. ಈಗ ಯಾಕ ಇದು?” ಎಂದರು. ಎದ್ದು ಹೋಗಿ ಎಲೆ ಉಗುಳಿ ಬಂದು, “ಮಂದಿ ಮುಂದ ಹೊಡದೀನಲ್ಲೋ ನಾನು ಅವನ್ನ. ನೀನು ಇದನ್ನ ಎಲ್ಲೂ ಆಡಬ್ಯಾಡ. ನಿನ್ನ ಮಾನನೂ ಉಳಿತೈತಿ, ನಂದೂ ಉಳಿತೈತಿ.”

ಹೊರಗೆ ಬಂದ ಅಂಜಿನಪ್ಪನಿಗೆ ಒಂದು ಕ್ಷಣ ಹಗುರಾಯಿತು. ಹೇಳಿಯಾಯಿತಲ್ಲ, ಇನ್ನು ಮನೆಗೆ ಹೋಗಬಹುದು ಎನ್ನಿಸಿತು. ಹಾಗನ್ನಿಸಿದ್ದಕ್ಕೇ ತನ್ನ ಮೇಲೆ ತನಗೆ ಹೇಸಿಗೆಯಾಗಿ, ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದ.

ಸಿರುಗುಪ್ಪದ ಚಿನ್ನಪ್ಪನವರಿಗೆ ಎರಡು ಬಸ್ಸುಗಳಿದ್ದವು. ಸಂತೆಯ ದಿನವಾದ್ದರಿಂದ ಬಸ್ಸು ನಿಲ್ಲುವ ಜಾಗದಲ್ಲಿ ಡ್ರೈವರು, ಕಂಡಕ್ಟರು, ಹಮಾಲರು ಎಲ್ಲರೂ ಸೇರಿದ್ದರು. ಅಂಜಿನಪ್ಪ ಚಿನ್ನಪ್ಪನವರನ್ನು ಕರೆದು, ಎಲ್ಲರಿಗೂ ಕೇಳುವಂತೆ ಹೇಳತೊಡಗಿದ. ಕಪ್ಪು ಗೆರೆಯ ಮಾತು, ಒಣಗಿದ ಕಡ್ಡಿಯ ಮಾತು, ತಲೆಯಾಡಿಸಿದ ಮಾತು. ಗೌಡರ ಮುಂದೆ ನುಂಗಿದ್ದ ಮಾತೊಂದು ಉಳಿದಿತ್ತು. ಅದನ್ನೂ ಹೇಳಿದ:

“ಸಾಮಾನಿನ ಮ್ಯಾಲಿನ ಅಕ್ಷರ ಓದಾಕ ನನಗ ಬರತಿರಲಿಲ್ಲ. ಮೇಜಿನ ಮ್ಯಾಲೆ ಪುಸ್ತಕ ಇಟಗೊಂಡು ನಿಮಗೆಲ್ಲಾರಿಗೂ ಮೋಸ ಮಾಡೀನಿ. ಓದಾಕ ಬರತಿದ್ದಂವ ಕೆಂಚಣ್ಣ. ಅಂವ ಹೇಳಿದ್ದು ಖರೆ ಇತ್ತು.”

ಯಾರೋ ಒಬ್ಬ ಸಿಳ್ಳೆ ಹಾಕಿದ. ಅಂಜಿನಪ್ಪ ಕಟ್ಟಿಕೊಟ್ಟ ಲಾರಿಯನ್ನೇ ಓಡಿಸುತ್ತಿದ್ದ ಮುದುಕ ಡ್ರೈವರೊಬ್ಬ, “ಥೂ ನಿನ್ನ,” ಎಂದು ಅವನ ಕಾಲ ಹತ್ತಿರ ಉಗುಳಿ ಹೋದ. ಅಂಜಿನಪ್ಪ ತಲೆ ತಗ್ಗಿಸಿ, ಎಲ್ಲರೂ ಚದುರುವತನಕ ಅಲ್ಲೇ ನಿಂತಿದ್ದ.

ಆ ರಾತ್ರಿಯೇ ಜಡೆಮ್ಮನಿಗೂ ಎಲ್ಲ ಹೇಳಿದ. ಅವಳು ಸುಂಕಲಮ್ಮನ ವಿಷಯವನ್ನು ಎರಡು ಸಲ ಹೇಳಿಸಿ ಕೇಳಿದಳು.

“ನಾಕು ವರ್ಷ!” ಎಂದಳು. “ಆಕಿ ಹೆಂಗ ಬಾಳೇವು ಮಾಡಿರಬೇಕು?”

ಆಮೇಲೆ ಹಲವು ದಿನ ಅವನೊಂದಿಗೆ ಬೇಕಾದಷ್ಟೇ ಮಾತಾಡಿದಳು.

ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಉಳಿದವರು ತಾವೇ ಎದುರಿಗೆ ನಿಂತು ಸಾಮಾನು ತೂಗಿಸತೊಡಗಿದರು. ಅಂಜಿನಪ್ಪ ಬೇಸರಿಸಲಿಲ್ಲ. ಚಿನ್ನಪ್ಪನವರು ಕೆಂಚಣ್ಣನನ್ನು ಕರೆಸಿ ಸಿರುಗುಪ್ಪ–ಬಳ್ಳಾರಿ ಬಸ್ಸು ಓಡಿಸಲು ಕೊಟ್ಟರು. ದಿನಕ್ಕೆರಡು ಸಲ ಆ ಬಸ್ಸು ಶೆಡ್ಡಿನ ಮುಂದೆಯೇ ಹಾಯುತ್ತಿತ್ತು. ಕೆಂಚಣ್ಣ ಒಮ್ಮೆಯೂ ಆ ಕಡೆ ಕತ್ತು ತಿರುಗಿಸಲಿಲ್ಲ. ಬಸ್ಸಿನ ರಿಪೇರಿಯೂ ಬೇರೆ ಶೆಡ್ಡಿನಲ್ಲೇ ನಡೆಯಿತು.

ಐವತ್ತಮೂರರ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ದಿನ ಊರಲ್ಲಿ ದೊಡ್ಡ ಮೆರವಣಿಗೆ. ಕೆಂಚಣ್ಣನ ಬಸ್ಸು ಜನರ ನಡುವೆ ಸಿಕ್ಕಿ, ಶೆಡ್ಡಿಗೆ ಹತ್ತು ಮಾರು ದೂರದಲ್ಲಿ ನಿಂತುಬಿಟ್ಟಿತು. ಬಿಸಿಲು ಸುಡುತ್ತಿತ್ತು. ರೇಡಿಯೇಟರಿನಿಂದ ಆವಿ ಏಳುತ್ತಿತ್ತು. ಪ್ರಯಾಣಿಕರೆಲ್ಲ ಇಳಿದು ಮೆರವಣಿಗೆ ನೋಡಲು ಹೋದರು, ಕೆಂಚಣ್ಣ ಒಬ್ಬನೇ ಸೀಟಿನಲ್ಲಿ ಕೂತಿದ್ದ. ಅಂಜಿನಪ್ಪ ಬಹಳ ಹೊತ್ತು ಒಳಗೆ ಹೊರಗೆ ಮಾಡಿ, ಕೊನೆಗೆ ಒಂದು ಕೊಡ ನೀರು ಹೊತ್ತು ಬಸ್ಸಿನ ಬಾಗಿಲ ಹತ್ತಿರ ಹೋಗಿ ನಿಂತ.

ಕೆಂಚಣ್ಣ ಕೊಡವನ್ನು ನೋಡಿದ, ಅವನನ್ನು ನೋಡಿದ. ಇಳಿದು ಬಂದು ಕೊಡ ತೆಗೆದುಕೊಂಡ. ಕುಡಿಯಲಿಲ್ಲ. ಬಟ್ಟೆಯಿಂದ ಮುಚ್ಚಳ ತಿರುವಿ, ಆವಿ ಹೋಗಲು ಬಿಟ್ಟು, ನೀರನ್ನೆಲ್ಲ ನಿಧಾನವಾಗಿ ರೇಡಿಯೇಟರಿಗೆ ಹೊಯ್ದು ಖಾಲಿ ಕೊಡ ಹಿಂದಕ್ಕೆ ಕೊಟ್ಟ.

“ಇನ್ನೊಂದಿಷ್ಟು ಬೇಕಾಗತೈತಿ,” ಎಂದ.

ಅಂಜಿನಪ್ಪ ಕೊಡ ಹಿಡಿದುಕೊಂಡು ನೀರು ತರಲು ಓಡಿದ.